ಥೈರಾಯ್ಡ್ ಗಂಟಿಗೆ ಸೂಜಿ ಹಾಕುವ ಮೊದಲು ರಕ್ತ: ನನ್ನ ಅನುಭವ

ಶಿರಸಿಯಲ್ಲಿ ರೋಗನಿದಾನದ ಪ್ರಯೋಗಾಲಯ ನಡೆಸುವ ನನ್ನ ಬಳಿಗೆ ಕುತ್ತಿಗೆಯ ಗಂಟಿನ ಸೂಜಿ ಪರೀಕ್ಷೆಗೆ ಬರುವವರಲ್ಲಿ ಸಿದ್ದಾಪುರ, ಯಲ್ಲಾಪುರ ಕಡೆಯ ಹಳ್ಳಿಗಳವರು ಬಹಳ ಮಂದಿ. ಬೆಳಗಿನ ಬಸ್ಸಿಗೆ ಹೊರಟು ಬಂದು, ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿಕೊಂಡು ಕತ್ತಲಾಗುವುದರೊಳಗೆ ಮನೆ ಸೇರಬೇಕೆಂಬ ಆತುರ ಅವರದು. “ಸೂಜಿಯದ್ದೇ ಹೆದರಿಕೆ ಡಾಕ್ಟ್ರೇ, ಅದನ್ನ ಮೊದಲು ಮುಗಿಸಿಬಿಡಿ, ರಕ್ತ ಆಮೇಲೆ ಕೊಡ್ತೇನೆ” ಎಂದು ಕೇಳಿಕೊಳ್ಳುವವರೂ ಇದ್ದಾರೆ. ಆದರೂ ಮೊದಲು ತೋಳಿನಿಂದ ರಕ್ತ ತೆಗೆಸಿ, ಅನಂತರವೇ ಗಂಟಿಗೆ ಸೂಜಿ ಹಾಕುವ ಕ್ರಮವನ್ನು ನಾನು ಬಿಟ್ಟಿಲ್ಲ.

ಇದರ ಕಾರಣ ಸ್ಲೈಡಿನ ಮೇಲೆಯೇ ಕಾಣುತ್ತದೆ. 25 ಗೇಜಿನ ತೆಳ್ಳನೆಯ ಸೂಜಿಯಲ್ಲಿ ಬಂದದ್ದನ್ನು ಗಾಜಿನ ಮೇಲೆ ಸವರಿದಾಗ, ಹಲವು ಗಂಟುಗಳಿಂದ ಜೀವಕೋಶಗಳ ಜೊತೆಗೆ ಅಂಟಂಟಾದ ಕೊಲಾಯ್ಡ್ ದ್ರವವೂ ಬರುತ್ತದೆ. ಅದು ಒಣಗಿ ಬಣ್ಣ ಹಿಡಿದ ಮೇಲೆ ಸೂಕ್ಷ್ಮದರ್ಶಕದಡಿ ಬೇಸಿಗೆಯ ಗದ್ದೆಯಂತೆ ಬಿರುಕುಬಿಟ್ಟು ತೋರುತ್ತದೆ. ಅದರ ಮುಖ್ಯ ಅಂಶ ಥೈರೊಗ್ಲಾಬ್ಯುಲಿನ್ ಎಂಬ ಪ್ರೋಟೀನು. ಸೂಜಿ ಚುಚ್ಚಿದಾಗ ಇದು ರಕ್ತಕ್ಕೂ ಸ್ವಲ್ಪ ಸೋರುತ್ತದೆ. ರಕ್ತದಲ್ಲಿ ಇದನ್ನು ನ್ಯಾನೊಗ್ರಾಂ ಲೆಕ್ಕದಲ್ಲಿ ಅಳೆಯುವುದರಿಂದ, ಅಷ್ಟು ಸೋರಿಕೆಯೂ ಕೆಲವರಲ್ಲಿ ಫಲಿತಾಂಶವನ್ನು ಕೆಲವೇ ಗಂಟೆಗಳಲ್ಲಿ ಹಲವು ಪಟ್ಟು ಏರಿಸಬಲ್ಲದು. ಹಾಗಾಗಿ ಸೂಜಿ ಪರೀಕ್ಷೆ ಆಗಲೇ ಮುಗಿದಿದ್ದರೆ, ಥೈರೊಗ್ಲಾಬ್ಯುಲಿನ್ ಪರೀಕ್ಷೆಯನ್ನು ಕನಿಷ್ಠ ಎರಡು ಮೂರು ವಾರ ಮುಂದೂಡಲು ಹೇಳುತ್ತೇನೆ.

ಥೈರಾಯ್ಡ್ ಗ್ರಂಥಿ ಸುರಿಸುವ ಹಾರ್ಮೋನಾದ ಟಿ4, ಅದನ್ನು ಸುರಿಸುವಂತೆ ಗ್ರಂಥಿಯನ್ನು ಪ್ರಚೋದಿಸುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ಟಿಎಸ್‌ಎಚ್ — ಇವುಗಳ ಮಾತು ಬೇರೆ. ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಅಲ್ಲಿ ಮೊದಲೇ ಇರುವ ದಾಸ್ತಾನಿನ ಮುಂದೆ ಸೂಜಿಯಿಂದ ಸೋರುವ ಹಾರ್ಮೋನು ಸಾಮಾನ್ಯವಾಗಿ ನಗಣ್ಯ. ಅಪರೂಪಕ್ಕೆ ಸೂಜಿಯ ನಂತರ ಗ್ರಂಥಿಯಲ್ಲಿ ರಕ್ತಸ್ರಾವವೋ ಉರಿಯೂತವೋ ಆಗಿ, ನೋವು, ಎದೆಬಡಿತ, ಕೈನಡುಕ ಕಾಣಿಸಿಕೊಂಡು ಟಿಎಸ್‌ಎಚ್ ತಗ್ಗುವುದುಂಟು. ಅಂಥವರಿಗೆ ಗ್ರಂಥಿಯ ಚಟುವಟಿಕೆ ತಗ್ಗಿಸುವ ಮಾತ್ರೆಯನ್ನು ತಕ್ಷಣ ಆರಂಭಿಸುವ ಮೊದಲು, ಇದು ತಾತ್ಕಾಲಿಕ ಸೋರಿಕೆಯೇ ಎಂಬುದನ್ನು ವೈದ್ಯರು ವಿಚಾರಿಸಬೇಕು.

ಹಾಗಿದ್ದರೆ ಟಿಎಸ್‌ಎಚ್‌ಗೂ ರಕ್ತವನ್ನು ಮೊದಲೇ ಏಕೆ ತೆಗೆಯಬೇಕು? ಸೂಜಿ ಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಲು ಅದು ನೆರವಾಗುತ್ತದೆ. ಟಿಎಸ್‌ಎಚ್ ತೀರಾ ಕಡಿಮೆಯಿದ್ದರೆ ಗಂಟೇ ಹಾರ್ಮೋನು ಸುರಿಸುತ್ತಿರಬಹುದು; ಅದನ್ನು ಐಸೊಟೋಪ್ ಸ್ಕ್ಯಾನಿನಲ್ಲಿ (ಅಲ್ಪ ವಿಕಿರಣದ ವಸ್ತು ಕೊಟ್ಟು ಗ್ರಂಥಿಯ ಚಟುವಟಿಕೆ ನೋಡುವ ಪರೀಕ್ಷೆಯಲ್ಲಿ) ನೋಡುವುದು ಮೇಲು, ಏಕೆಂದರೆ ಅಂಥ ಗಂಟಿನಲ್ಲಿ ಕ್ಯಾನ್ಸರ್ ವಿರಳ. ಆದ್ದರಿಂದ ಆ ವರದಿ ಕೈಸೇರುವವರೆಗೆ ಸೂಜಿ ಎತ್ತುವುದಿಲ್ಲ. ಬಂದವರನ್ನು ಕೂರಿಸಿ, ಏಕೆ ಕಾಯಬೇಕೆಂದು ತಿಳಿಸಿ ಹೇಳುತ್ತೇನೆ.

ಕ್ಯಾನ್ಸರಿನಿಂದಾಗಿ ಗ್ರಂಥಿಯನ್ನೇ ತೆಗೆಸಿಕೊಂಡವರ ವಿಷಯದಲ್ಲಿ ನನ್ನ ಎಚ್ಚರ ಇನ್ನೂ ಹೆಚ್ಚು. ಅವರಲ್ಲಿ ಥೈರೊಗ್ಲಾಬ್ಯುಲಿನ್ ಏರಿದರೆ ರೋಗ ಮರುಕಳಿಸಿತೇ ಎಂಬ ಶಂಕೆ ಹುಟ್ಟುತ್ತದೆ. ಕುತ್ತಿಗೆಯ ಹಾಲ್ರಸ ಗ್ರಂಥಿಗೆ (ಲಿಂಫ್ ನೋಡ್‌ಗೆ) ಸೂಜಿ ಹಾಕಬೇಕಾದಾಗಲೂ ರಕ್ತ ಮೊದಲು. ಜೊತೆಗೆ ಥೈರೊಗ್ಲಾಬ್ಯುಲಿನ್ ವಿರುದ್ಧದ ಪ್ರತಿಕಾಯಗಳನ್ನೂ ನೋಡಿಸುತ್ತೇನೆ, ಅವು ಅಳತೆಯನ್ನೇ ಕೆಡಿಸಬಲ್ಲವು. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುವವರ ವರದಿಯ ಮೇಲೆ ರಕ್ತ ತೆಗೆದ ಹೊತ್ತು, ಸೂಜಿ ಹಾಕಿದ ಹೊತ್ತು ಎರಡನ್ನೂ ದಿನಾಂಕ ಸಹಿತ ಬರೆದು ಕೊಡುತ್ತೇನೆ.