70 ಕಿಲೋದಲ್ಲಿ ನಿಂತ ತೂಕವನ್ನು ಜಾಸ್ತಿ ತಿಂದು ಇಳಿಸಿದ್ದು

ಇದು ಶುಗರ್ ಹೊಸದಾಗಿ ಬಂದವರಿಗೆ ಬರೆದದ್ದಲ್ಲ. ಎಚ್‌ಬಿಎ1ಸಿ ಅಂದರೇನು, ಫಾಸ್ಟಿಂಗ್ ಯಾವಾಗ ನೋಡಬೇಕು, ಮೆಟ್‌ಫಾರ್ಮಿನ್ ಊಟದ ಜೊತೆಗೇ ಯಾಕೆ, ಇದೆಲ್ಲ ಗೊತ್ತಿದ್ದು, ಎಂಟು ಹತ್ತು ಕಿಲೋ ಇಳಿಸಿಯೂ ಆಗಿ, ಆಮೇಲೆ ತೂಕದ ಮಷಿನ್ ಅಲ್ಲಾಡದೆ ತಲೆ ಚಚ್ಚಿಕೊಳ್ಳುತ್ತಿರುವವರಿಗೆ.

ನಾನು ಉಡುಪಿಯಲ್ಲಿ ಟೈಲರಿಂಗ್ ಮಾಡುವವಳು. ವಯಸ್ಸು ಐವತ್ತು ದಾಟಿದೆ, ಮುಟ್ಟು ನಿಂತಿದೆ, ಶುಗರ್ ಬಂದು ಏಳೆಂಟು ವರ್ಷ ಆಯ್ತು. ದಿನವಿಡೀ ಕೂತು ಮಾಡುವ ಕೆಲಸ. ಶುರುವಿನಲ್ಲಿ 78 ಕಿಲೋ ಇದ್ದೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) ಒಂಬತ್ತರ ಮೇಲೆ. ಸಕ್ಕರೆ ಚಾ ಬಿಟ್ಟೆ, ಬೇಕರಿಗೆ ಹೋಗುವುದು ಬಿಟ್ಟೆ, ಸಂಜೆ ನಡೆದೆ, ಐದಾರು ತಿಂಗಳಲ್ಲಿ 70ಕ್ಕೆ ಬಂತು. ಅಷ್ಟೇ. ಆಮೇಲೆ ಹೆಚ್ಚುಕಮ್ಮಿ ಒಂದು ವರ್ಷ 69.5, 70, 70.5, ಮತ್ತೆ 70. ಎಚ್‌ಬಿಎ1ಸಿಯೂ ಏಳೂವರೆ ಹತ್ತಿರ ಕೂತೇ ಇತ್ತು. ಈಗ ತೂಕ 62ರ ಆಸುಪಾಸು, ಎಚ್‌ಬಿಎ1ಸಿ ಕೊನೆಯ ರಿಪೋರ್ಟಿನಲ್ಲಿ 6.2. "ಈ ಪ್ರಾಯದಲ್ಲಿ ಇನ್ನು ಇಳಿಯುವುದಿಲ್ಲ ಬಿಡಿ" ಅಂದವರೇ ಈಗ ಬ್ಲೌಸ್ ಹೊಲಿಸಲು ಬಂದಾಗ "ಎಂತ ಮಾಡಿದ್ರಿ" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಂತ ಮೇಲೆ ಮಾಡಿದ ಸರ್ಕಸ್ ಕಮ್ಮಿಯಲ್ಲ. ಮೊದಲು ಅನ್ನ ಪೂರ್ತಿ ಬಿಟ್ಟು ಚಪಾತಿ ಹಿಡಿದೆ. ಕುಚ್ಚಲಕ್ಕಿ ಉಂಡು ಬೆಳೆದವರಿಗೆ ಎರಡು ಹೊತ್ತೂ ಚಪಾತಿ ಅಂದರೆ ಶಿಕ್ಷೆ. ಅಷ್ಟು ಕಷ್ಟಪಟ್ಟು ತಿಂದು ಎರಡು ಗಂಟೆ ಬಿಟ್ಟು ನೋಡಿದರೆ ಅನ್ನಕ್ಕೆ ಬರುತ್ತಿದ್ದಷ್ಟೇ ಬರುತ್ತಿತ್ತು. ಗೋಧಿಯೂ ಪಿಷ್ಟವೇ ಅಲ್ವಾ. ಆಮೇಲೆ ನಡಿಗೆ ಏರಿಸಿದೆ. ಅಜ್ಜರಕಾಡಿನಲ್ಲಿ ಮುಕ್ಕಾಲು ಗಂಟೆ ಸುತ್ತುತ್ತಿದ್ದದ್ದು ಒಂದೂವರೆ ಗಂಟೆ ಆಯಿತು, ಭಾನುವಾರ ಮಲ್ಪೆ ಬೀಚಿನ ಮರಳಿನಲ್ಲಿ. ಸಿಕ್ಕಿದ್ದು ಗಂಟು ನೋವು, ಜೊತೆಗೆ ಮನೆಗೆ ಬಂದ ಕೂಡಲೇ ಕಂಡದ್ದನ್ನೆಲ್ಲ ತಿನ್ನುವ ಹಸಿವು. ಆಮೇಲೆ ಹದಿನಾರು ಗಂಟೆ ಉಪವಾಸ, ಅದರ ಕಥೆ ಮುಂದೆ ಬರುತ್ತದೆ.

ದುಡ್ಡು ಹೋದದ್ದು ಹೇಳಿದರೆ ನಮ್ಮವರಿಗೆ ಈಗಲೂ ಸಿಟ್ಟು ಬರುತ್ತದೆ. ಪರಿಚಯದ ಹೆಂಗಸೊಬ್ಬರು ದಾಟಿಸಿದ ಶೇಕ್ ಪುಡಿ ತಿಂಗಳಿಗೆ ಮೂರೂವರೆ ಸಾವಿರದ ಹಾಗೆ, ಎರಡು ಮೂರು ತಿಂಗಳು. ಊಟದ ಬದಲು ಅದನ್ನು ಕುಡಿಯಬೇಕಂತೆ. ಕುಡಿದ ಒಂದು ಗಂಟೆಗೆ ಊಟವೂ ಬೇಕಾಗುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರಲಿಲ್ಲ. ಹಲಸಿನಕಾಯಿ ಹಿಟ್ಟು, ಹಾಗಲಕಾಯಿ ಜ್ಯೂಸ್, ಶುಗರ್ ಫ್ರೀ ಅಂತ ಬರೆದ ಮೈದಾ ಬಿಸ್ಕತ್ತು, ಓಟ್ಸ್. ಒಂದು ಕಡೆ ಸಾವಿರಕ್ಕಿಂತ ಜಾಸ್ತಿ ಕೊಟ್ಟು ಡಯಟ್ ಚಾರ್ಟ್ ಬರೆಸಿದೆ, ಅದರಲ್ಲಿ ಬ್ರೊಕೊಲಿ ಉಂಟು, ಆಲಿವ್ ಎಣ್ಣೆ ಉಂಟು, ಬಾದಾಮಿ ಹಾಲು ಉಂಟು, ನಮ್ಮ ಬೂತಾಯಿ ಮೀನು ಅನ್ನುವ ಶಬ್ದವೇ ಇಲ್ಲ ಮಾರಾಯ್ರೆ! ಎಲ್ಲ ಸೇರಿ ಇಪ್ಪತ್ತು ಸಾವಿರ ಹೋಗಿರಬಹುದು. 2025ರ ಮಾರ್ಚಿನಲ್ಲಿ ಶುಗರ್, ತೂಕ ಇಳಿಸುವ ಮೌಂಜಾರೊ ಇಂಜೆಕ್ಷನ್ ನಮ್ಮ ದೇಶಕ್ಕೆ ಬಂದಾಗ ಅದನ್ನೂ ವಿಚಾರಿಸಿದೆ. ಆಗ ಚಿಕ್ಕ ಡೋಸಿನ ಒಂದು ವಯಲ್‌ಗೆ 3,500 ರೂಪಾಯಿ, ವಾರಕ್ಕೊಂದು. ಅಂದರೆ ತಿಂಗಳಿಗೆ 14,000, ಡೋಸ್ ಏರಿದರೆ ಇನ್ನೂ ಮೇಲೆ. ಎಷ್ಟು ಬ್ಲೌಸ್ ಹೊಲಿಯಬೇಕು ನೀವೇ ಲೆಕ್ಕ ಹಾಕಿ. ತಗೊಂಡವರಿಗೆ ಇಳಿಯುವುದು ಸುಳ್ಳಲ್ಲ, ನನ್ನ ಕೈಗೆ ಎಟುಕಲಿಲ್ಲ ಅಷ್ಟೇ.

ಬೆಂಗಳೂರಿನಿಂದ ಬಂದ ಮಗಳು ತೋಳಿಗೆ ಅಂಟಿಸಿ ದಿನವಿಡೀ ಶುಗರ್ ನೋಡುವ ಲಿಬ್ರೆ ಸೆನ್ಸರ್ ತಂದಳು. ಹದಿನಾಲ್ಕು ದಿನ ಬರುತ್ತಿತ್ತು, ಆಗ ಐದು ಸಾವಿರದ ಹತ್ತಿರ. "ಅಮ್ಮ, ಒಂದು ಸಲ ಹಾಕಿ ನೋಡು, ಬೈಯುವುದಾದರೆ ಆಮೇಲೆ ಬೈ" ಅಂದಳು. ನಾನು ನೋಡಬೇಕು ಅಂತಿದ್ದದ್ದು ಊಟ ಆದ ಮೇಲೆ ಎಷ್ಟು ಏರುತ್ತದೆ ಅಂತ. ಕಂಡದ್ದು ಬೇರೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಮತ್ತೆ ಸಂಜೆ ಐದರ ಹೊತ್ತಿಗೆ ಗೆರೆ ಜಾರಿ ಶುಗರ್ ತೀರಾ ಕಮ್ಮಿ, 65, 62 ತೋರಿಸುತ್ತಿತ್ತು. ಸೆನ್ಸರ್ ಸುಳ್ಳು ಹೇಳಬಹುದು ಅಂತ ಬೆರಳು ಚುಚ್ಚಿಯೂ ನೋಡಿದೆ, ಅಲ್ಲೇ ಆಸುಪಾಸು. ಕೈ ನಡುಗಿ ಸೂಜಿಗೆ ನೂಲು ಹಾಕಲು ಆಗದೆ, ಕುತ್ತಿಗೆ ಹಿಂದೆ ಬೆವರು ಬಂದು, ಬಿಸ್ಕತ್ತಿನ ಡಬ್ಬಿಗೆ ಕೈ ಹೋಗುತ್ತಿದ್ದದ್ದು ಇದೇ ಹೊತ್ತಿಗೆ. ನಾಲ್ಕು ಬಿಸ್ಕತ್ತು, ಒಂದು ಬಾಳೆಹಣ್ಣು, ಕೆಲವು ಸಲ ಪಕ್ಕದ ಹೋಟೆಲಿನಿಂದ ಬನ್ಸ್. ಮನೆಯಲ್ಲಿ ಎಲ್ಲರೂ ಅದಕ್ಕೆ ಬಾಯಿ ಚಪಲ ಅಂತ ಹೆಸರಿಟ್ಟಿದ್ದರು.

ಚಪಲ ಅಲ್ಲ, ನಾನು ತಗೊಳ್ಳುತ್ತಿದ್ದ ಶುಗರ್ ಮಾತ್ರೆ ಗ್ಲಿಮೆಪಿರೈಡ್. ನಾವು ತಿಂದರೂ ತಿನ್ನದಿದ್ದರೂ ಆ ಮಾತ್ರೆ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. 78 ಕಿಲೋ ಇದ್ದು ಹೊಟ್ಟೆ ತುಂಬ ಉಣ್ಣುತ್ತಿದ್ದಾಗ ಕೊಟ್ಟ ಡೋಸ್, 70ಕ್ಕೆ ಬಂದು ಅರ್ಧ ಊಟ ಮಾಡುವಾಗಲೂ ಅದೇ ನಡೆಯುತ್ತಿತ್ತು. ಊಟದಲ್ಲಿ ಉಳಿಸಿದ್ದೆಲ್ಲ ಬಿಸ್ಕತ್ತಿಗೆ ಹೋಗುತ್ತಿತ್ತು. ಹದಿನಾರು ಗಂಟೆ ಉಪವಾಸದ ದಿನಗಳಲ್ಲಿ ಹತ್ತೂವರೆಗೇ ಕಣ್ಣು ಕತ್ತಲೆ ಬಂದು ಬೆಲ್ಲ ತಿಂದು ಕೂರುತ್ತಿದ್ದದ್ದೂ ಇದೇ ಕಾರಣಕ್ಕೆ. ಇಂಥ ಮಾತ್ರೆ ನುಂಗಿ ಉಪವಾಸಕ್ಕೆ ಇಳಿಯುವುದು ಅಪಾಯ, ತಮಾಷೆ ಅಲ್ಲ.

ಗ್ರಾಫ್ ತಗೊಂಡು ಹೋಗಿ ಡಾಕ್ಟ್ರಿಗೆ ತೋರಿಸಿದೆ. 2 ಮಿಲಿಗ್ರಾಂ ಇದ್ದದ್ದು 1 ಆಯಿತು, ಕೆಲವು ವಾರ ಬಿಟ್ಟು ಪೂರ್ತಿ ನಿಂತಿತು. ಮೆಟ್‌ಫಾರ್ಮಿನ್ ಹಾಗೇ ಇದೆ. ಜೊತೆಗೆ ಡಾಪಾಗ್ಲಿಫ್ಲೋಜಿನ್ ಬಂತು, ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕುವ ಮಾತ್ರೆ. 2020ರಲ್ಲಿ ಪೇಟೆಂಟ್ ಮುಗಿದ ಮೇಲೆ ಬೇಕಾದಷ್ಟು ಕಂಪನಿಗಳು ಮಾಡುತ್ತವೆ, ಅಗ್ಗ ಆಗಿದೆ. ಇದರದ್ದೂ ಉಪದ್ರ ಉಂಟು. ಹೆಂಗಸರಿಗೆ ಕೆಳಗೆ ತುರಿಕೆ, ಸೋಂಕು ಬರುತ್ತದೆ, ನನಗೂ ಒಮ್ಮೆ ಬಂತು, ನೀರು ಜಾಸ್ತಿ ಕುಡಿದು ಚೊಕ್ಕ ಇಟ್ಟುಕೊಳ್ಳಬೇಕು. ಇನ್ನೊಂದು ದೊಡ್ಡ ವಿಷಯ: ಇದನ್ನು ತಗೊಳ್ಳುವಾಗ ಕೀಟೊ ಡಯಟ್ (ಅನ್ನ, ಹಿಟ್ಟು ಹೆಚ್ಚುಕಮ್ಮಿ ಪೂರ್ತಿ ಬಿಡುವುದು), ಉದ್ದದ ಉಪವಾಸ ಮಾಡಬಾರದು. ಶುಗರ್ ಸರಿಯಾಗೇ ತೋರಿಸುತ್ತಿದ್ದರೂ ಒಳಗೆ ಕೀಟೋನ್ ಅನ್ನುವ ಆಮ್ಲ ಏರಿ ಆಸ್ಪತ್ರೆ ಸೇರಬೇಕಾಗಿ ಬರಬಹುದು. ಹಾಗಾಗಿ ನನ್ನದು ನೋಡಿ ನೀವೇ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಶುರು ಮಾಡಬೇಡಿ, ರೀಡಿಂಗ್ ಬರೆದುಕೊಂಡು ಹೋಗಿ ಕೇಳಿ. "ಓ, ಮಾತ್ರೆಯಿಂದ ಇಳಿದದ್ದಾ" ಅನ್ನುವವರಿದ್ದಾರೆ. ಮೊದಲ ಎರಡು ಕಿಲೋ ಹೌದು. ಉಳಿದ ಆರು ನನ್ನ ಸಂಪಾದನೆ.

ಆ ಆರು ಹೇಗೆ ಅಂದರೆ, ಮೊದಲು ತಿನ್ನುವುದನ್ನು ಜಾಸ್ತಿ ಮಾಡಿದೆ. ಒಂದು ವಾರ ತಿಂದದ್ದೆಲ್ಲ ತೂಗಿ ಬರೆದಾಗ ಪ್ರೋಟೀನ್ ದಿನಕ್ಕೆ ನಲವತ್ತು ಗ್ರಾಂ ಕೂಡ ಇರಲಿಲ್ಲ. ಅಷ್ಟು ಕಮ್ಮಿ ತಿಂದು ಒಂದೂವರೆ ಗಂಟೆ ನಡೆದರೆ ಬೊಜ್ಜಿನ ಜೊತೆ ಮಾಂಸವೂ ಕರಗುತ್ತದೆ, ಮಾಂಸ ಕರಗಿದರೆ ಸಕ್ಕರೆಗೆ ಹೋಗಲು ಜಾಗ ಎಲ್ಲಿ? ಕ್ರಿಯಾಟಿನಿನ್, ಮೂತ್ರದ ಅಲ್ಬುಮಿನ್ ಎರಡೂ ನೋಡಿಸಿ, ಕಿಡ್ನಿ ಸರಿ ಉಂಟು ಅಂತ ಆದ ಮೇಲೆ ಎಪ್ಪತ್ತು ಎಂಬತ್ತು ಗ್ರಾಂಗೆ ಏರಿಸಿದೆ. ಬೆಳಿಗ್ಗೆ ಮೂರು ಮೊಟ್ಟೆ ಮತ್ತು ಮೊಳಕೆ ಹೆಸರಿನ ಪಲ್ಯ. ಮಧ್ಯಾಹ್ನ ಬೂತಾಯಿ ಅಥವಾ ಬಂಗುಡೆ, ತಲೆ ಮುಳ್ಳು ಬಿಟ್ಟು ಇನ್ನೂರು ಗ್ರಾಂ. ಸಂಜೆ ಐದಕ್ಕೆ ಬಿಸ್ಕತ್ತಿನ ಜಾಗದಲ್ಲಿ ಬೇಯಿಸಿದ ಹುರುಳಿ ಅಥವಾ ಕಡಲೆ. ರಾತ್ರಿ ಏಳಕ್ಕೆ ಊಟ ಮುಗಿಯಬೇಕು, ಅನ್ನ ಇಲ್ಲ, ತರಕಾರಿ ಮತ್ತು ಮೀನೋ ಮೊಟ್ಟೆಯೋ ಮೊಸರೋ. ಅತ್ತೆ ಮೊದಲ ದಿನವೇ ಶುರು ಮಾಡಿದರು, "ಇಳಿಸ್ಲಿಕ್ಕೆ ಅಂತ ಹೇಳಿ ಮೂರು ಮೊಟ್ಟೆ ತಿನ್ನುವುದಾ? ಉಷ್ಣ ಆಗ್ತದೆ ಮಗಾ." ಉಷ್ಣ ಎಂತದ್ದೂ ಆಗಲಿಲ್ಲ. ಹನ್ನೊಂದು ಗಂಟೆಯ ನಡುಕವೂ ಇಲ್ಲ, ಹಸಿವೂ ಇಲ್ಲ.

ಕುಚ್ಚಲಕ್ಕಿ ಮಧ್ಯಾಹ್ನ ಮಾತ್ರ, ಬೇಯಿಸುವ ಮೊದಲು ತೂಗಿ 60 ಗ್ರಾಂ. ಬೆಂದ ಮೇಲೆ ತೂಗಿದರೆ ಲೆಕ್ಕ ಸಿಗುವುದಿಲ್ಲ, ಒಂದು ದಿನ ಗಂಜಿ ದಪ್ಪ, ಒಂದು ದಿನ ತೆಳು. ನನ್ನ ಪಾಲಿನ ಅಕ್ಕಿಯನ್ನು ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕುಕ್ಕರಿನ ಒಳಗೇ ಬೇರೆ ಇಡುತ್ತೇನೆ. ನಾನೂರು ರೂಪಾಯಿಯ ಡಿಜಿಟಲ್ ತಕ್ಕಡಿ, ಇಪ್ಪತ್ತು ಸಾವಿರ ಮಾಡದ ಕೆಲಸ ಅದು ಮಾಡಿತು.

ತಕ್ಕಡಿ ಹಿಡಿದುಕೊಟ್ಟ ದೊಡ್ಡ ಕಳ್ಳ ಅಕ್ಕಿ ಅಲ್ಲ, ತೆಂಗಿನಕಾಯಿ. ಶುಗರ್ ಏರಿಸುವುದಿಲ್ಲ, ಹಾಗಾಗಿ ಮೀಟರಿನಲ್ಲಿ ಕಾಣುವುದೇ ಇಲ್ಲ. ಒಂದು ಕಡಿ, ಅಂದರೆ ಅರ್ಧ ಕಾಯಿ, ತುರಿದರೆ ನೂರೈವತ್ತು ಗ್ರಾಂ ಬರುತ್ತದೆ, ಅದು 500 ಕ್ಯಾಲೊರಿಯ ಮೇಲೆ. ಗಸಿಗೆ (ಕಾಯಿ ಅರೆದ ದಪ್ಪ ಸಾರು) ಒಂದು ಕಡಿ, ಪಲ್ಯಕ್ಕೆ ಒಂದು ಹಿಡಿ, ಒಗ್ಗರಣೆಗೆ ತೆಂಗಿನೆಣ್ಣೆ, ಮೀನು ಕಾಯಿಸಲು ಮತ್ತೆ ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆಗೆ 120. ನಾನು ಚಪಾತಿಯಲ್ಲಿ ಉಳಿಸಿದ್ದು ಇಲ್ಲಿ ಸೋರುತ್ತಿತ್ತು. ಈಗ ವಾರದಲ್ಲಿ ಮೂರು ನಾಲ್ಕು ದಿನ ಮೀನಿನ ಹುಳಿ ಖಾರದ ಪುಳಿಮುಂಚಿ, ಅದಕ್ಕೆ ಕಾಯಿಯೇ ಬೇಡ. ಗಸಿ ಮಾಡಿದರೆ ಕಾಯಿ ಅರ್ಧಕ್ಕೆ ಇಳಿಸುತ್ತೇನೆ. ಆದರೂ ಗಸಿ ದಪ್ಪ ಬರಲು ಎಂತ ಅರೆದು ಹಾಕುತ್ತೇನೆ ಅಂತ ಮಾತ್ರ ಇಲ್ಲಿ ಹೇಳುವುದಿಲ್ಲ, ನಮ್ಮ ಅತ್ತೆಗೇ ಇನ್ನೂ ಗೊತ್ತಾಗಿಲ್ಲ.

ಇನ್ನು ಭಾರ ಎತ್ತುವುದು. ನಡಿಗೆಯನ್ನು ಕಮ್ಮಿ ಮಾಡಿ ಅದರ ಜಾಗಕ್ಕೆ ಇದನ್ನು ತಂದೆ. ಜಿಮ್ಮಿನಲ್ಲಿ ವಿಚಾರಿಸಿದರೆ ತಿಂಗಳಿಗೆ ಒಂದೂವರೆ ಸಾವಿರ, ಹೇಳಿಕೊಡುವವರಿಗೆ ಬೇರೆ. ಖಾಲಿ ಐದು ಲೀಟರ್ ಎಣ್ಣೆ ಕ್ಯಾನ್ ಎರಡು ತಗೊಂಡು ಮರಳು ತುಂಬಿದೆ, ಪೂರ್ತಿ ತುಂಬಿದರೆ ಏಳೆಂಟು ಕಿಲೋ ಆಗುತ್ತದೆ. ಶುರುವಿನಲ್ಲಿ ಕಾಲು ಭಾಗ. ಬಾಯಿಗೆ ಪ್ಲಾಸ್ಟಿಕ್ ಹಾಕಿ ಮುಚ್ಚಳ ಬಿಗಿಯಿರಿ, ಇಲ್ಲದಿದ್ದರೆ ಮನೆಯೆಲ್ಲ ಮರಳು, ಗುಡಿಸುವುದು ನೀವೇ. ಸ್ಟೂಲಿನಿಂದ ಕೈ ಊರದೆ ಏಳುವುದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಕ್ಯಾನ್ ಎರಡು ಕೈಯಲ್ಲಿ ಹಿಡಿದು ಸೊಂಟ ಬಗ್ಗಿಸಿ ಎತ್ತುವುದು, ಹೊಟ್ಟೆಯ ಕಡೆಗೆ ಎಳೆಯುವುದು. ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಕಣ್ಣಿನ ಹಿಂಭಾಗ (ರೆಟಿನಾ) ಡಾಕ್ಟ್ರಿಗೆ ತೋರಿಸದೆ, ಬಿಪಿ ನೋಡದೆ ಶುಗರಿನವರು ಇದಕ್ಕೆ ಇಳಿಯಬಾರದು. ನಮ್ಮವರು "ಗೋಣಿ ಹೊರುವ ಕೆಲಸಕ್ಕೆ ಹೋಗ್ಲಿಕ್ಕುಂಟಾ ನೀನು" ಅಂತ ನಗುತ್ತಿದ್ದರು. ಈಗ ಗ್ಯಾಸ್ ಸಿಲಿಂಡರ್ ಸರಿಸಲು ಅವರು ನನ್ನನ್ನೇ ಕರೆಯುತ್ತಾರೆ.

ತಾಳ್ಮೆ ಬೇಕಾದದ್ದು ಶುರುವಿನ ಒಂದೂವರೆ ತಿಂಗಳು. ಮಾತ್ರೆಯ ಎರಡು ಕಿಲೋ ಇಳಿದು 68ಕ್ಕೆ ಬಂದು, ಅಲ್ಲಿ ಮತ್ತೆ ನಿಂತಿತು. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ನನ್ನ ಕುತ್ತಿಗೆಯಲ್ಲಿ ದಿನವಿಡೀ ಟೇಪ್ ನೇತಾಡುತ್ತಿರುತ್ತದೆ ನೋಡಿ. ಹೊಕ್ಕುಳಿನ ನೇರಕ್ಕೆ, ಉಸಿರು ಬಿಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಳೆದರೆ ಮೂವತ್ತೆಂಟೂವರೆ ಇಂಚು ಇದ್ದದ್ದು ಮೂವತ್ತೇಳು ಆಗಿತ್ತು. ತೂಕ ಅಲ್ಲೇ, ಟೇಪ್ ಕೆಳಗೆ. ಬ್ಲೌಸಿನ ಪಕ್ಕದ ಹೊಲಿಗೆ ಒಳಗೆ ತಗೊಂಡೆ. ಆಮೇಲೆ ತಿಂಗಳಿಗೆ ಮುಕ್ಕಾಲು ಕಿಲೋ, ಒಂದು ಕಿಲೋದ ಹಾಗೆ ತಾನಾಗಿ ಇಳಿಯಿತು. ಈಗ ಮೂವತ್ತನಾಲ್ಕರ ಒಳಗೆ. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಒಳಗಿರಬೇಕು, ಅಂದರೆ ಮೂವತ್ತೊಂದೂವರೆ ಇಂಚು. ಇನ್ನೂ ದೂರ ಉಂಟು.

ಮಧ್ಯೆ ಸುಮ್ನೆ ಕೆಲವು ಪರೀಕ್ಷೆ ಮಾಡಿದೆ, ಸ್ಟ್ರಿಪ್ ಒಂದಕ್ಕೆ ಇಪ್ಪತ್ತು ರೂಪಾಯಿ ಅಂತ ನೋಡದೆ. ತಂಗಳ ಗಂಜಿಗೆ ಶುಗರ್ ಏರುವುದಿಲ್ಲ ಅನ್ನುತ್ತಾರಲ್ಲ, ಅದೇ 60 ಗ್ರಾಂ ಬಿಸಿಯಾಗಿ ಮತ್ತು ಮಾರನೇ ದಿನ ತಂಗಳಾಗಿ ಉಂಡು ನೋಡಿದೆ. ಹತ್ತು ಹದಿನೈದರ ವ್ಯತ್ಯಾಸ. ಮೀಟರೇ ನೂರಕ್ಕೆ ಹದಿನೈದು ಆಚೀಚೆ ತೋರಿಸಬಹುದು, ಅದನ್ನು ನಂಬಿ ಎರಡು ಬಟ್ಟಲು ಉಣ್ಣಬೇಡಿ. ಮೀನು ಪಲ್ಯ ಮೊದಲು ತಿಂದು ಅನ್ನ ಕೊನೆಗೆ ಉಂಡಾಗ ಮಾತ್ರ ಮೂವತ್ತರ ಹತ್ತಿರ ಕಮ್ಮಿ ಬಂತು, ಬೇರೆ ಬೇರೆ ದಿನ ನೋಡಿದರೂ. ಊಟ ಆದ ಕೂಡಲೇ ಅಂಗಡಿಯ ಸುತ್ತ ಕಾಲು ಗಂಟೆ ನಡೆದರೆ ಇನ್ನೂ ಇಳಿಯುತ್ತದೆ. ಸಂಜೆಯ ಒಂದೂವರೆ ಗಂಟೆಗಿಂತ ಇದು ಮೇಲು, ಗಂಟಿಗೂ ಒಳ್ಳೆಯದು. ಸಜ್ಜಿಗೆ ಬಜಿಲ್ (ಉಪ್ಪಿಟ್ಟು ಅವಲಕ್ಕಿ) ನನಗೆ ಆಗಿಬರುವುದೇ ಇಲ್ಲ, ಶುಗರ್ 240 ದಾಟಿತು. ನೀರುದೋಸೆ ತೆಳು ಅಂತ ಆರೇಳು ತಿನ್ನುತ್ತೇವಲ್ಲ, ಎರಡಕ್ಕೆ ನಿಲ್ಲಿಸಿ ಕೋಳಿ ಜಾಸ್ತಿ ಹಾಕಿಕೊಂಡರೆ ಪರವಾಗಿಲ್ಲ.

ಖರ್ಚು ಈಗ ತಿಂಗಳಿಗೆ ಮೀನು ಮೊಟ್ಟೆಗೆ ಸಾವಿರದ ಮೇಲೆ ಜಾಸ್ತಿ ಬರುತ್ತದೆ. ಬೂತಾಯಿ ಅಗ್ಗ ಇದ್ದಾಗ ಕಮ್ಮಿ. ಕಷ್ಟ ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧ ಅಂತ ಯಾಂತ್ರಿಕ ಬೋಟು ಕಡಲಿಗೆ ಇಳಿಯುವುದಿಲ್ಲ, ಮಾರ್ಕೆಟಿನಲ್ಲಿ ಸಿಕ್ಕಿದ ಮೀನಿಗೆ ಹೇಳಿದ್ದೇ ರೇಟು. ಒಣಮೀನಿಗೆ ಹೋದರೆ ಉಪ್ಪು, ಬಿಪಿ ಏರುತ್ತದೆ. ಹೋದ ಮಳೆಗಾಲದಲ್ಲಿ ಒಂದು ಕಿಲೋ ಹತ್ತಿತ್ತು, ಆಟಿ ತಿಂಗಳಲ್ಲಿ ಮಾಡುವ ಕೆಸುವಿನೆಲೆಯ ಪತ್ರೊಡೆಯದ್ದೂ ಅದರಲ್ಲಿ ಪಾಲು ಇರಬಹುದು. ಈ ಸಲ ಹುರುಳಿ ಐದು ಕಿಲೋ ತಂದಿಟ್ಟಿದ್ದೇನೆ, ಮೊಟ್ಟೆಯವನಿಗೆ ವಾರಕ್ಕೊಂದು ಟ್ರೇ ಹೇಳಿ ಆಗಿದೆ.