ಸಂಧಿವಾತದ ರಕ್ತಪರೀಕ್ಷೆಯ ವರದಿಯನ್ನು ಓದುವ ಕ್ರಮ

ಶಿಡ್ಲಘಟ್ಟದ ಕಡೆಯಿಂದ ಬಂದಿದ್ದ ಹೆಣ್ಣುಮಗಳೊಬ್ಬರು ಮೊದಲ ಸಲ ನನ್ನೆದುರು ಕುಳಿತಾಗ ಎರಡು ಮಾತು ಹೇಳಿದರು. ಬೆಳಗಿನ ಹೊತ್ತು ಕೋಲು ಹಿಡಿದು ಮುದ್ದೆ ತಿರುವಲು ಆಗುವುದಿಲ್ಲ; ರೇಷ್ಮೆ ನೂಲು ಬಿಚ್ಚಾಣಿಕೆಯ ಬಿಸಿನೀರಿನಲ್ಲಿ ಒಂದು ಗಂಟೆ ಕೈಯಾಡಿಸಿದ ಮೇಲೆ ಬೆರಳು ಸಡಿಲಗೊಂಡು ಗೂಡಿನ ಎಳೆ ಕೈಗೆ ಸಿಗುತ್ತದೆ. ಅವರ ಚೀಲದಲ್ಲಿ, ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ಎರಗುವ ರುಮಟಾಯ್ಡ್ ಸಂಧಿವಾತಕ್ಕೆಂದು ಮಾಡಿಸಿದ ‘ಆರ್‌ಎ ಫ್ಯಾಕ್ಟರ್ ನೆಗೆಟಿವ್’ ಎಂಬ ವರದಿಯಿತ್ತು, ಅದನ್ನೇ ನಂಬಿ ಎಂಟು ತಿಂಗಳನ್ನು ನೋವಿನ ಮಾತ್ರೆಯಲ್ಲೇ ಕಳೆದಿದ್ದರು. ಎರಡೂ ಕೈಗಳ ಬೆರಳ ಬುಡದ ಗೆಣ್ಣುಗಳನ್ನು ಅಡ್ಡಲಾಗಿ ಮೆಲ್ಲಗೆ ಅದುಮಿದೊಡನೆ ಅವರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಅದೇ ರೋಗಕ್ಕಿರುವ ಇನ್ನೊಂದು ರಕ್ತಪರೀಕ್ಷೆ ಆಂಟಿ ಸಿಸಿಪಿ ಮಾಡಿಸಿದಾಗ ಅದು ಸಾಮಾನ್ಯ ಮಿತಿಯ ಹತ್ತು ಪಟ್ಟಿಗಿಂತಲೂ ಹೆಚ್ಚಿತ್ತು. ಕೀಲು ಸವೆಯುವ ಮೊದಲೇ ಚಿಕಿತ್ಸೆ ಆರಂಭಿಸಬಹುದಾಗಿದ್ದ ಆ ಎಂಟು ತಿಂಗಳು ನನ್ನನ್ನು ಈಗಲೂ ಕಾಡುತ್ತವೆ. ಇಂಥ ವರದಿಯನ್ನು ಕೈಯಲ್ಲಿ ಹಿಡಿದವರಿಗೂ ಅವರನ್ನು ಆಸ್ಪತ್ರೆಗೆ ಕರೆತರುವ ಮನೆಯವರಿಗೂ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ರೋಗಾಣುಗಳ ವಿರುದ್ಧ ಹೋರಾಡಲು ದೇಹ ತಯಾರಿಸುವ ಪ್ರೋಟೀನನ್ನು ಪ್ರತಿಕಾಯ ಎನ್ನುತ್ತಾರೆ. ರೋಗನಿರೋಧಕ ವ್ಯವಸ್ಥೆ ಹಾದಿ ತಪ್ಪಿ ಸ್ವಂತ ದೇಹದ ಅಂಶಗಳ ವಿರುದ್ಧವೇ ತಯಾರಿಸಿದ ಪ್ರತಿಕಾಯ ಸ್ವಪ್ರತಿಕಾಯ. ಅದು ರಕ್ತದಲ್ಲಿದ್ದ ಮಾತ್ರಕ್ಕೆ ರೋಗವಿದೆ ಎಂದಾಗಲಿ, ಇಲ್ಲದ ಮಾತ್ರಕ್ಕೆ ರೋಗವಿಲ್ಲ ಎಂದಾಗಲಿ ತೀರ್ಮಾನಿಸಲಾಗದು. ಕೀಲು, ಚರ್ಮ, ಕಣ್ಣು, ಮೂತ್ರಪಿಂಡಗಳು ಹೇಳುವ ಕಥೆಯೊಂದಿಗೆ ಸೇರಿದಾಗಲೇ ಅದಕ್ಕೆ ಅರ್ಥ ಬರುತ್ತದೆ.

ಆದ್ದರಿಂದ ರಕ್ತ ಕೊಡುವ ಮೊದಲು ಆ ಕಥೆಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವ ಕೀಲುಗಳು ನೋಯುತ್ತವೆ, ಅವುಗಳಲ್ಲಿ ಊದಿಕೊಂಡವು ಯಾವುವು, ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ, ತೊಂದರೆ ಆರು ವಾರ ದಾಟಿದೆಯೇ ಎಂಬುದನ್ನು ನಮೂದಿಸಿ. ಬಿಸಿಲಿಗೆ ಕೆನ್ನೆ ಕೆಂಪಾಗುವುದು, ಬಾಯಿ ಮತ್ತು ಕಣ್ಣು ಒಣಗುವುದು, ಚಳಿಗೆ ಬೆರಳು ಬಿಳಿಚುವುದು, ಪದೇ ಪದೇ ಗರ್ಭಪಾತವಾಗಿರುವುದು ಇವೆಲ್ಲ ಕೀಲಿಗೆ ಸಂಬಂಧಿಸಿಲ್ಲವೆಂದು ತೋರಿದರೂ ಬಿಡಬೇಡಿ, ಯಾವ ಪರೀಕ್ಷೆ ಬೇಕೆಂಬುದನ್ನು ಹಲವು ಸಲ ಇವೇ ನಿರ್ಧರಿಸುತ್ತವೆ. ಹೆಸರಿಲ್ಲದ ಪುಡಿ, ಪೊಟ್ಟಣದ ಮಾತ್ರೆಗಳನ್ನು ಸೇವಿಸಿದ್ದರೆ ಅದನ್ನೂ ಹೇಳಿ. ಅವುಗಳಲ್ಲಿ ಸ್ಟೀರಾಯ್ಡ್ ಸೇರಿದ್ದರೆ ಊತ ಇಳಿದು, ಉರಿಯೂತವನ್ನು ಅಳೆಯುವ ಇಎಸ್‌ಆರ್ ಮತ್ತು ಸಿಆರ್‌ಪಿ ತಗ್ಗಿ, ರೋಗ ಮರೆಯಾದಂತೆ ಕಾಣಬಹುದು.

ನಮ್ಮ ಸೀಮೆಯಲ್ಲಿ ಇನ್ನೆರಡು ವಿಷಯಗಳನ್ನು ಕೇಳಲೇಬೇಕು. ಮೊದಲನೆಯದು ಕುಡಿಯುವ ನೀರು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಭಾಗಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ವರ್ಷಗಟ್ಟಲೆ ಆ ನೀರು ಕುಡಿದವರ ಬೆನ್ನು, ಕುತ್ತಿಗೆ, ಮಂಡಿಗಳು ಬಿಗಿಯುವುದು ಫ್ಲೋರೈಡ್ ಮೂಳೆಯಲ್ಲಿ ಸೇರಿ ಬರುವ ಫ್ಲೋರೋಸಿಸ್‌ನಿಂದ. ಅದನ್ನು ತೋರಿಸುವ ಸ್ವಪ್ರತಿಕಾಯ ಯಾವುದೂ ಇಲ್ಲ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿರುವುದು ಎಕ್ಸ್‌ರೇಯಲ್ಲಿ ಕಂಡರೆ ಉತ್ತರ ಬಹುಪಾಲು ಅಲ್ಲೇ ಸಿಗುತ್ತದೆ. ಎರಡನೆಯದು ಚಿಕುನ್‌ಗುನ್ಯಾ. 2006ರ ಹಾವಳಿಯನ್ನು ಕಂಡವರಿಗೆ, ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಗೆಣ್ಣು ಹಿಡಿದುಕೊಳ್ಳುವುದನ್ನು ವಿವರಿಸಬೇಕಾಗಿಲ್ಲ. ಆ ನೋವು ಸಂಧಿವಾತವನ್ನೇ ಹೋಲುವುದರಿಂದ ಜ್ವರ ಬಂದ ದಿನಾಂಕವನ್ನು ಹಾಳೆಯಲ್ಲಿ ಬರೆದಿಡಿ.

ಈಗ ವರದಿಗೆ ಬರೋಣ. ಆರ್‌ಎ ಫ್ಯಾಕ್ಟರ್ ಎಂಬ ಸ್ವಪ್ರತಿಕಾಯವನ್ನು ನಾರ್ವೆಯ ಎರಿಕ್ ವಾಲರ್ 1940ರಲ್ಲೇ ವಿವರಿಸಿದ್ದರು. ಹಳೆಯದೂ ಅಗ್ಗವೂ ಆದ ಈ ಪರೀಕ್ಷೆ ರುಮಟಾಯ್ಡ್ ಸಂಧಿವಾತವಲ್ಲದೆ ಕ್ಷಯ, ಹೆಪಟೈಟಿಸ್ ಸಿ, ಹೃದಯದ ಕವಾಟದ ಸೋಂಕುಗಳಲ್ಲೂ ಆರೋಗ್ಯವಾಗಿರುವ ಕೆಲವು ವೃದ್ಧರಲ್ಲೂ ಪಾಸಿಟಿವ್ ಬರುತ್ತದೆ. ಆಂಟಿ ಸಿಸಿಪಿ ಇದಕ್ಕಿಂತ ನಂಬಿಕೆಗೆ ಅರ್ಹ: ಈ ರೋಗವಿಲ್ಲದ 100 ಮಂದಿಯಲ್ಲಿ ಸುಮಾರು 95 ಮಂದಿಗೆ ಅದು ನೆಗೆಟಿವ್ ಆಗಿಯೇ ಇರುತ್ತದೆ. ಎರಡರಲ್ಲೂ ‘ಪಾಸಿಟಿವ್’ ಎಂಬ ಪದವನ್ನು ಬಿಟ್ಟು ಅಂಕಿಯನ್ನು ನೋಡಿ. ಲ್ಯಾಬ್ ತೋರಿಸಿರುವ ಮಿತಿ 20 ಇದ್ದರೆ, 28 ಬಂದದ್ದು ದುರ್ಬಲ ಪಾಸಿಟಿವ್, 60 ದಾಟಿದ್ದು ಪ್ರಬಲ ಪಾಸಿಟಿವ್. 2010ರ ಅಂತರರಾಷ್ಟ್ರೀಯ ವರ್ಗೀಕರಣ ಮಾನದಂಡವೂ ಮಿತಿಯ ಮೂರು ಪಟ್ಟನ್ನೇ ಗಡಿಯಾಗಿಟ್ಟುಕೊಂಡು ಮೊದಲಿನದಕ್ಕೆ 2 ಅಂಕವನ್ನೂ ಎರಡನೆಯದಕ್ಕೆ 3 ಅಂಕವನ್ನೂ ಕೊಡುತ್ತದೆ. ರೋಗವೆಂದು ವರ್ಗೀಕರಿಸಲು 10ರಲ್ಲಿ 6 ಅಂಕ ಬೇಕು. ಅಂದರೆ ಕೀಲುಗಳ ಊತ ಮತ್ತು ನೋವಿನ ಅಂಕಗಳಿಲ್ಲದೆ ರಕ್ತದ ವರದಿಯೊಂದೇ ಆ ಗುರಿ ಮುಟ್ಟಲಾರದು. ಎರಡೂ ನೆಗೆಟಿವ್ ಆಗಿದ್ದರೂ ರುಮಟಾಯ್ಡ್ ಸಂಧಿವಾತ ಇರುವವರು ಸಾಕಷ್ಟು ಮಂದಿ ಇದ್ದಾರೆ. ಬೆನ್ನುಮೂಳೆಯ ಕೀಲುಗಳನ್ನು ಹಿಡಿಯುವ ಸ್ಪಾಂಡಿಲೈಟಿಸ್ ಮತ್ತು ಚರ್ಮರೋಗವಾದ ಸೋರಿಯಾಸಿಸ್‌ನ ಕೀಲುರೋಗಗಳಲ್ಲಂತೂ ಇವು ಸಾಮಾನ್ಯವಾಗಿ ನೆಗೆಟಿವ್ ಆಗಿಯೇ ಇರುತ್ತವೆ. ಸ್ಟ್ರೆಪ್ಟೋಕಾಕಸ್ ಸೋಂಕಿನ ಗುರುತಾದ ಎಎಸ್‌ಒ ಮತ್ತು ಯೂರಿಕ್ ಆಸಿಡ್‌ಗಳನ್ನು ‘ಆರ್ಥ್ರೈಟಿಸ್ ಪ್ರೊಫೈಲ್’ ಎಂದು ಒಟ್ಟಿಗೆ ಮಾರುತ್ತಾರೆ, ಆದರೆ ಅವು ಸ್ವಪ್ರತಿಕಾಯಗಳಲ್ಲ.

ಹೆಚ್ಚು ಗೊಂದಲ ಹುಟ್ಟಿಸುವುದು ಎಎನ್‌ಎ. ಜೀವಕೋಶದ ಕೇಂದ್ರದ ವಿರುದ್ಧದ ಈ ಪ್ರತಿಕಾಯವನ್ನು ಗಾಜಿನ ಪಟ್ಟಿಯ ಮೇಲಿನ ಕೋಶಗಳಿಗೆ ರೋಗಿಯ ರಕ್ತದ್ರವ ಹಾಕಿ, ಸೂಕ್ಷ್ಮದರ್ಶಕದಲ್ಲಿ ಹಸಿರು ಹೊಳಪಾಗಿ ನೋಡುತ್ತಾರೆ. ಇದೇ ಐಎಫ್‌ಎ ವಿಧಾನ; ವರದಿಯಲ್ಲಿ ಆ ಪದ ಇದೆಯೇ ಎಂದು ಮೊದಲು ಪರಿಶೀಲಿಸಿ, ಎಲಿಸಾ ಎಂಬ ಬೇರೆ ವಿಧಾನದಲ್ಲಿ ಬಂದ ಬರೀ ಅಂಕಿ ಇದಕ್ಕೆ ಸಮನಲ್ಲ. ರಕ್ತದ್ರವವನ್ನು ಎಷ್ಟು ಪಟ್ಟು ತೆಳುಗೊಳಿಸುವವರೆಗೆ ಹೊಳಪು ಉಳಿಯುತ್ತದೆ ಎಂಬುದನ್ನು 1:80, 1:160, 1:640 ಎಂದು ಬರೆಯುತ್ತಾರೆ. ಆದ್ದರಿಂದ ಎರಡನೇ ಸಂಖ್ಯೆ ದೊಡ್ಡದಾದಷ್ಟೂ ಪ್ರತಿಕಾಯ ಪ್ರಬಲ. ಆರೋಗ್ಯವಂತರಲ್ಲಿಯೇ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಯಲ್ಲಿ 1:80ರ ಮಟ್ಟದಲ್ಲಿ ಎಎನ್‌ಎ ಕಾಣಬಹುದು. ಲಕ್ಷಣಗಳಿಲ್ಲದೆ ಅಂಥ ವರದಿ ಬಂದರೆ ಭಯಪಡಬೇಡಿ. ಸ್ವಪ್ರತಿಕಾಯಗಳಿಂದ ಚರ್ಮ, ಕೀಲು, ಮೂತ್ರಪಿಂಡ ಮುಂತಾದ ಹಲವು ಅಂಗಗಳನ್ನು ಹಿಡಿಯುವ ಲೂಪಸ್ ರೋಗದ ವರ್ಗೀಕರಣಕ್ಕೆ 2019ರ ಮಾನದಂಡ ಕನಿಷ್ಠ 1:80 ಇರಬೇಕೆನ್ನುತ್ತದೆ, ಆದರೆ ಅದು ಬಾಗಿಲಷ್ಟೇ. ಒಳಗೆ ಹೋದ ಮೇಲೆ ಬೇರೆ ಸಾಕ್ಷ್ಯ ಬೇಕು.

ಆ ಸಾಕ್ಷ್ಯ ಒದಗಿಸುವುದು ಎಎನ್‌ಎಯ ಒಳಗಿನ ಪ್ರತ್ಯೇಕ ಪ್ರತಿಕಾಯಗಳು. ಆಂಟಿ ಡಿಎಸ್‌ಡಿಎನ್‌ಎ ಮತ್ತು ಆಂಟಿ ಎಸ್‌ಎಂ ಲೂಪಸ್‌ನತ್ತ, ರೋ (Ro) ಮತ್ತು ಲಾ (La) ಬಾಯಿ, ಕಣ್ಣು ಒಣಗಿಸುವ ಶೋಗ್ರೆನ್ಸ್ ಅಥವಾ ಲೂಪಸ್‌ನತ್ತ, ಎಸ್‌ಸಿಎಲ್-70 ಮತ್ತು ಸೆಂಟ್ರೋಮಿಯರ್ ಚರ್ಮ ಬಿರುಸಾಗುವ ಸ್ಕ್ಲೆರೋಡರ್ಮಾದತ್ತ, ಜೋ-1 (Jo-1) ಸ್ನಾಯು ಮತ್ತು ಶ್ವಾಸಕೋಶದ ಉರಿಯೂತದತ್ತ ಬೆರಳು ತೋರುತ್ತವೆ. ಎಎನ್‌ಎಯನ್ನು ಮತ್ತೆ ಮತ್ತೆ ಮಾಡಿಸಿ ಹಣ ಕಳೆಯಬೇಡಿ, ಅದು ರೋಗದ ಏರಿಳಿತವನ್ನು ಹೇಳುವುದಿಲ್ಲ. ಲೂಪಸ್‌ನಲ್ಲಿ ಏರಿಳಿತಕ್ಕೆ ಡಿಎಸ್‌ಡಿಎನ್‌ಎ, ಸಿ3, ಸಿ4 ಎಂಬ ರಕ್ತದ ಪ್ರೋಟೀನುಗಳು ಮತ್ತು ಮೂತ್ರದಲ್ಲಿನ ಪ್ರೋಟೀನನ್ನು ನೋಡುತ್ತಾರೆ.

ಮದುವೆಯಾದ, ಮಗು ಬಯಸುವ ಹೆಣ್ಣುಮಕ್ಕಳು ಎರಡು ಫಲಿತಾಂಶಗಳನ್ನು ಎಂದೂ ಮುಚ್ಚಿಡಬಾರದು. ರೋ ಪಾಸಿಟಿವ್ ಇದ್ದ ತಾಯಂದಿರಲ್ಲಿ ನೂರಕ್ಕೆ ಒಬ್ಬರಿಬ್ಬರ ಮಗುವಿಗೆ ಹೊಟ್ಟೆಯಲ್ಲಿದ್ದಾಗಲೇ ಹೃದಯದ ಬಡಿತ ನಿಧಾನಗೊಳ್ಳುವ ತೊಂದರೆ ಬರಬಹುದು, ಹೆರಿಗೆ ವೈದ್ಯರಿಗೆ ಮೊದಲೇ ಗೊತ್ತಿದ್ದರೆ ಸ್ಕ್ಯಾನ್ ಮಾಡಿ ಗಮನಿಸುತ್ತಾರೆ. ರಕ್ತ ಹೆಪ್ಪುಗಟ್ಟುವುದಕ್ಕೂ ಗರ್ಭಪಾತಕ್ಕೂ ನಂಟಿರುವ ಆಂಟಿ ಫಾಸ್ಫೋಲಿಪಿಡ್ ಪ್ರತಿಕಾಯ ಬಂದಿದ್ದರೆ ಕನಿಷ್ಠ 12 ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು. ಸೋಂಕಿನ ಸಮಯದಲ್ಲಿ ಅದು ತಾತ್ಕಾಲಿಕವಾಗಿ ಕಾಣಿಸಿಕೊಳ್ಳುವುದುಂಟು.

ವರದಿಗಳನ್ನು ಒಂದೇ ಫೈಲಿನಲ್ಲಿ ದಿನಾಂಕದ ಕ್ರಮದಲ್ಲಿ ಜೋಡಿಸಿ, ಪ್ರತಿ ಹಾಳೆಯಲ್ಲೂ ಪರೀಕ್ಷೆಯ ವಿಧಾನ ಮತ್ತು ಆ ಲ್ಯಾಬಿನ ಮಿತಿ ಇರುವಂತೆ ನೋಡಿಕೊಳ್ಳಿ. ಒಂದು ಲ್ಯಾಬಿನ 40ನ್ನು ಇನ್ನೊಂದರ 40ರೊಂದಿಗೆ ನೇರವಾಗಿ ಹೋಲಿಸಲಾಗದು. ವೈದ್ಯರ ಬಳಿಗೆ ಹೋಗುವಾಗ ಫೈಲಿನ ಮೇಲ್ಭಾಗದಲ್ಲಿ ಮೊದಲು ಬರೆದ ಆ ಹಾಳೆಯೇ ಇರಲಿ.