ಜಗಲಿಯ ನಾಯಿಗೆ ಜಪಾನಿನ ದಾರಿ

"ಮಾವ, ಕಾಳುವನ್ನೂ ಕರ್ಕೊಂಡು ಹೋಗ್ತೀವಿ. ಮುಂದಿನ ತಿಂಗಳು ಟಿಕೆಟ್ ಆಗಿದೆ" ಎಂದು ಅಕ್ಕನ ಮಗಳು ಫೋನ್ ಮಾಡಿದಾಗ ನಾನು ತೋಟದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುತ್ತಿದ್ದೆ. ಜೂನ್ ಕೊನೆ. ನಾಯಿ ಕಾಳು ನನ್ನ ಕಾಲ ಬುಡದಲ್ಲೇ ಮಲಗಿ ಇಂಬಳ (ಜಿಗಣೆ) ಕಚ್ಚಿದ ಜಾಗ ನೆಕ್ಕಿಕೊಳ್ಳುತ್ತಿತ್ತು. ಅದು ಜಪಾನಿನ ಯೊಕೊಹಾಮಾ ಸೇರುವ ಹೊತ್ತಿಗೆ ಮಳೆಗಾಲ ಮುಗಿದು, ಅಡಿಕೆ ಕೊಯ್ಲು ಮುಗಿದು, ಮಾರ್ಚ್ ಬಂದಿರುತ್ತದೆ ಎಂದು ನನಗೂ ಗೊತ್ತಿರಲಿಲ್ಲ, ಅದಕ್ಕೂ ಗೊತ್ತಿರಲಿಲ್ಲ.

ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಹೊರದೇಶದಲ್ಲಿದ್ದಾರೆ. ಮೊದಲು ಉಪ್ಪಿನಕಾಯಿ, ಹಪ್ಪಳ ಹೋಗುತ್ತಿತ್ತು. ಈಗ ನಾಯಿಯೂ ಹೋಗುತ್ತದೆ. ಆದರೆ ಹೋಗುವ ದೇಶ ದ್ವೀಪವಾದರೆ ನಿಯಮ ಬಿಗಿ. ಸುತ್ತ ಸಮುದ್ರ ಇದ್ದರೆ ರೋಗವನ್ನು ಬಾಗಿಲಲ್ಲೇ ತಡೆಯಬಹುದು ಎನ್ನುವುದು ಅವರ ಲೆಕ್ಕ. ಜಪಾನಿನಲ್ಲಿ ಪ್ರಾಣಿಗಳ ರೇಬೀಸ್ 1957ರಲ್ಲಿ ಕೊನೆಗೊಂಡಿತು. ಅದೇ ವರ್ಷ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಅವರು ಒಂದು ಕಾಯಿಲೆ ಕಳೆದುಕೊಂಡ ವರ್ಷ ನಮಗೊಂದು ಸಿಕ್ಕಿತು, ನೋಡಿ.

ಟಿಕೆಟ್ ಕೊನೆಗೆ

ಮೊದಲ ಕೆಲಸ ಟಿಕೆಟ್ ಮಾಡಿಸದೇ ಇರುವುದು. ತಮಾಷೆಯಲ್ಲ. ಎಲ್ಲರೂ ತಪ್ಪುವುದು ಇಲ್ಲೇ. ಭಾರತದಿಂದ ಹೋಗುವ ನಾಯಿಗೆ ಜಪಾನ್ ಕೇಳುವುದು ಒಂದು ಕಾಗದವನ್ನಲ್ಲ, ಒಂದರ ಹಿಂದೆ ಒಂದು ಬರಬೇಕಾದ ತಾರೀಕುಗಳ ಸಾಲನ್ನು. ಮೈಕ್ರೋಚಿಪ್, ಆಮೇಲೆ ಮೊದಲ ರೇಬೀಸ್ ಲಸಿಕೆ, ಆಮೇಲೆ ಎರಡನೆಯದು, ಆಮೇಲೆ ರಕ್ತ ಪರೀಕ್ಷೆ, ಆಮೇಲೆ 180 ದಿನದ ಕಾಯುವಿಕೆ. ಈ ಸಾಲು ಹಿಂದುಮುಂದಾದರೆ ಎಲ್ಲ ಮೊದಲಿನಿಂದ.

180 ದಿನ ಹೇಗೂ ಕಳೆಯಲೇಬೇಕು. ಅದನ್ನು ನಿಮ್ಮ ಮನೆ ಜಗಲಿಯಲ್ಲಿ ಕಳೆಯಬಹುದು, ಇಲ್ಲವೇ ಅಲ್ಲಿಯ ಕ್ವಾರಂಟೈನ್ ಕೇಂದ್ರದ ಜಾಲರಿ ಹಿಂದೆ ಕಳೆಯಬಹುದು. ಆಯ್ಕೆ ಇಷ್ಟೇ. ಇಲ್ಲಿ ಕಾದರೆ ಅಲ್ಲಿ 12 ಗಂಟೆಯೊಳಗೆ ತಪಾಸಣೆ ಮುಗಿಸಿ ಬಿಡುತ್ತಾರೆ. ಎಷ್ಟು ದಿನ ಮುಂಚೆ ಹೋಗುತ್ತೀರೋ ಅಷ್ಟು ದಿನ ಒಳಗಿಟ್ಟುಕೊಳ್ಳುತ್ತಾರೆ, ನೋಡಿಕೊಳ್ಳುವ ಖರ್ಚು ನಿಮ್ಮದೇ. ಊಟ ಹಾಕುವ ಕೈ ಬದಲಾದರೆ ಮೂರು ದಿನ ಮುನಿಸಿಕೊಳ್ಳುವ ಪ್ರಾಣಿಯನ್ನು ಆರು ತಿಂಗಳು ಗುರುತಿಲ್ಲದವರ ಬಳಿ ಬಿಡುವುದು ನನಗಂತೂ ಆಗದ ಮಾತು. ಅಕ್ಕನ ಮಗಳಿಗೆ ಅದನ್ನೇ ಹೇಳಿದೆ. ಅವಳು ಮತ್ತು ಅಳಿಯ ಮುಂಚೆ ಹೋದರು. ಕಾಳು ನನ್ನ ಜೊತೆ ಉಳಿಯಿತು.

ಬೇರೆ ದ್ವೀಪಗಳ ಲೆಕ್ಕ ಬೇರೆ. ಬ್ರಿಟನ್ನಿಗೆ ಹೋಗುವ ನಾಯಿಗೆ ಲಸಿಕೆಯಾಗಿ 30 ದಿನದ ಮೇಲೆ ರಕ್ತ ತೆಗೆದು, ಆ ದಿನದಿಂದ ಮೂರು ತಿಂಗಳು ಕಾದರೆ ಸಾಕು. ಆದರೆ ಅಲ್ಲಿಗೆ ತಲುಪುವ ಒಂದರಿಂದ ಐದು ದಿನ ಮೊದಲು ಲಾಡಿಹುಳದ ಔಷಧಿ ಕೊಡಿಸಿರಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಇನ್ನೂ ಗಟ್ಟಿ. ಭಾರತದಿಂದ ನಾಯಿಯನ್ನು ನೇರವಾಗಿ ಬಿಟ್ಟುಕೊಳ್ಳುವುದೇ ಇಲ್ಲ, ಅವರು ಒಪ್ಪಿದ ಇನ್ನೊಂದು ದೇಶದ ಮೂಲಕವೇ ಹೋಗಬೇಕು. ಅಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ದಂಪತಿಯ ಎರಡು ಪುಟ್ಟ ನಾಯಿಗಳು ಕಾಗದಪತ್ರವಿಲ್ಲದೆ ಖಾಸಗಿ ವಿಮಾನದಲ್ಲಿ ಆಸ್ಟ್ರೇಲಿಯಾಕ್ಕೆ ಬಂದಿದ್ದು ಗೊತ್ತಾದಾಗ, ವಾಪಸ್ ಕಳಿಸಿ ಇಲ್ಲವೇ ಅವುಗಳ ಜೀವ ತೆಗೆಯಬೇಕಾಗುತ್ತದೆ ಎಂದು ಅಲ್ಲಿಯ ಕೃಷಿ ಮಂತ್ರಿಯೇ ಹೇಳಿದ್ದರು. ನಾಯಿಗಳು ವಾಪಸ್ ಹೋದವು.

ಚಿಪ್ಪು ಮೊದಲು, ಚುಚ್ಚುಮದ್ದು ಆಮೇಲೆ

ಮೈಕ್ರೋಚಿಪ್ ಅಂದರೆ ಅಕ್ಕಿಕಾಳಿನಷ್ಟು ದಪ್ಪದ ಒಂದು ವಸ್ತು. ಭುಜಗಳ ನಡುವೆ, ಚರ್ಮದಡಿ ಸೂಜಿಯಲ್ಲಿ ಹಾಕುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ, ನಾಯಿ ಎಲ್ಲಿದೆ ಎಂದು ಹೇಳುವುದೂ ಇಲ್ಲ. ಸ್ಕ್ಯಾನರ್ ಹಿಡಿದರೆ ಒಂದು ಸಂಖ್ಯೆ ತೋರಿಸುತ್ತದೆ, ಅಷ್ಟೆ. ಐಎಸ್‌ಒ 11784 ಮತ್ತು 11785 ಮಾನದಂಡದ, 15 ಅಂಕಿಯ ಚಿಪ್ಪನ್ನೇ ಹಾಕಿಸಿ. ಬೇರೆ ನಮೂನೆಯದಾದರೆ ಅಲ್ಲಿಯ ಸ್ಕ್ಯಾನರ್‌ಗೆ ಕಾಣದೇ ಹೋಗಬಹುದು. ಕಾಣದ ಚಿಪ್ಪು ಇದ್ದೂ ಇಲ್ಲದ ಹಾಗೆ.

ನಾನು ಎಡವಿದ್ದು ಇಲ್ಲಿ. ಕಾಳುವಿಗೆ ಮೂರು ವರ್ಷದಿಂದ ತಪ್ಪದೆ ರೇಬೀಸ್ ಲಸಿಕೆ ಹಾಕಿಸಿದ್ದೆ. ಪುಸ್ತಕದಲ್ಲಿ ಸೀಲು, ಸಹಿ ಎಲ್ಲ ಇತ್ತು. ಜಂಬದಿಂದ ಅದರ ಫೋಟೋ ಕಳಿಸಿದೆ. ಅಕ್ಕನ ಮಗಳು ನಿಯಮ ಓದಿ ಹೇಳಿದಳು: "ಮಾವ, ಇದ್ಯಾವುದೂ ಲೆಕ್ಕಕ್ಕಿಲ್ಲ." ಚಿಪ್ಪು ಹಾಕುವ ಮೊದಲು ಕೊಟ್ಟ ಲಸಿಕೆ ಈ ನಾಯಿಗೇ ಕೊಟ್ಟದ್ದು ಎಂಬುದಕ್ಕೆ ಏನು ಸಾಕ್ಷಿ? ಕರಿ ನಾಯಿ ಊರಲ್ಲಿ ಐವತ್ತಿವೆ. ಮಾತು ಸರಿಯೇ ಅಲ್ವಾ? ಹಾಗಾಗಿ ಹೊಸದಾಗಿ ಶುರು ಮಾಡಿದೆವು.

ಲಸಿಕೆಗೆ ಹೋದಾಗಲೆಲ್ಲ ಮೊದಲು ಚಿಪ್ಪು ಸ್ಕ್ಯಾನ್ ಮಾಡಿಸಿ, ಆಮೇಲೆ ಸೂಜಿ. ಮೊದಲ ಲಸಿಕೆ ಹೊತ್ತಿಗೆ ನಾಯಿಗೆ ಕನಿಷ್ಠ 91 ದಿನ ಆಗಿರಬೇಕು. ಎರಡನೆಯದು ಮೊದಲನೆಯದಾಗಿ ಕನಿಷ್ಠ 30 ದಿನದ ಮೇಲೆ. ಲಸಿಕೆ ಹಾಕಿದ ದಿನವನ್ನು ಸೊನ್ನೆ ಎಂದು ಎಣಿಸುತ್ತಾರೆ. ನಮ್ಮ ಕಡೆ ಆ ದಿನವನ್ನೂ ಸೇರಿಸಿ ಎಣಿಸುವ ರೂಢಿ. ಹಾಗೆ ಎಣಿಸಿದರೆ ಒಂದು ದಿನ ಕಡಿಮೆ ಬೀಳುತ್ತದೆ, ಆ ಒಂದು ದಿನಕ್ಕೆ ಇಡೀ ಲಸಿಕೆ ದಂಡ. ಎರಡು ದಿನ ಜಾಸ್ತಿಯೇ ಬಿಡಿ. ನಾವು ಜುಲೈ 5ಕ್ಕೆ ಚಿಪ್ಪು ಮತ್ತು ಮೊದಲ ಲಸಿಕೆ, ಆಗಸ್ಟ್ 6ಕ್ಕೆ ಎರಡನೆಯದು ಹಾಕಿಸಿದೆವು. ಲಸಿಕೆ ಬಾಟಲಿಯ ಮೇಲಿನ ಚೀಟಿಯನ್ನು ಪುಸ್ತಕಕ್ಕೆ ಅಂಟಿಸಿಕೊಂಡು ಬನ್ನಿ. ಕಂಪನಿ ಹೆಸರು, ಬ್ಯಾಚ್ ಸಂಖ್ಯೆ ಮುಂದೆ ಬೇಕಾಗುತ್ತದೆ. ಅಲ್ಲಿ ತಲುಪುವ ದಿನ ಲಸಿಕೆಯ ಅವಧಿ ಮುಗಿದಿರಬಾರದು, ನಡುವೆ ಮುಗಿಯುವುದಾದರೆ ಅದಕ್ಕೆ ಮೊದಲೇ ಇನ್ನೊಂದು ಹಾಕಿಸಬೇಕು.

ರಕ್ತದ ಲೆಕ್ಕ

ಎರಡನೇ ಲಸಿಕೆಯ ದಿನವೇ ರಕ್ತ ತೆಗೆಯಬಹುದು. ನಾವು ಎರಡು ವಾರ ಬಿಟ್ಟು ಆಗಸ್ಟ್ 20ಕ್ಕೆ ತೆಗೆಸಿದೆವು. ಲಸಿಕೆಗೆ ಮೈ ಸ್ಪಂದಿಸಲು ಸ್ವಲ್ಪ ಸಮಯ ಸಿಗಲಿ ಎಂದು. ಈ ಪರೀಕ್ಷೆ ನೋಡುವುದು ರೋಗ ಇದೆಯೋ ಇಲ್ಲವೋ ಎಂದಲ್ಲ, ರೇಬೀಸ್ ಎದುರಿಸುವ ಶಕ್ತಿ ರಕ್ತದಲ್ಲಿ ಸಾಕಷ್ಟು ಬಂದಿದೆಯೇ ಎಂದು. ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪಾಸು.

ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ರಕ್ತ ತೆಗೆಯಬಲ್ಲ ವೈದ್ಯರಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ತಾಪತ್ರಯ ಇರುವುದು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ. ಜಪಾನ್ ಸರ್ಕಾರ ಒಪ್ಪಿದ ಪಟ್ಟಿಯಲ್ಲಿರುವ ಲ್ಯಾಬೇ ಆಗಬೇಕು. ಪಟ್ಟಿ ಅವರ ಪ್ರಾಣಿ ಕ್ವಾರಂಟೈನ್ ಸೇವೆಯ ಜಾಲತಾಣದಲ್ಲಿದೆ. ರಕ್ತ ಚುಚ್ಚುವ ಮೊದಲೇ ಲ್ಯಾಬ್ ಗೊತ್ತು ಮಾಡಿಕೊಳ್ಳಿ. ರಕ್ತದಿಂದ ಸೀರಮ್ ಎಂಬ ತಿಳಿ ದ್ರವ ಬೇರೆ ಮಾಡಿ, ತಂಪಾಗಿಟ್ಟು ಕಳಿಸಬೇಕು. ಹೊರದೇಶದ ಲ್ಯಾಬ್ ಆದರೆ ಕೊರಿಯರ್‌ನವರಿಗೂ ಕಾಗದಪತ್ರ ಬೇಕು. ಹಳ್ಳಿಯಲ್ಲಿ ರಕ್ತ ತೆಗೆಸಿ, ಐಸ್ ಡಬ್ಬಿ ಹಿಡಿದುಕೊಂಡು ಬಸ್ಸಿಗೆ ಕಾಯುವ ಸಾಹಸ ಬೇಡ. ಸಾಕುಪ್ರಾಣಿ ಕಳಿಸಿ ಅಭ್ಯಾಸವಿರುವ ಬೆಂಗಳೂರಿನ ಕ್ಲಿನಿಕ್ಕಿಗೇ ಹೋಗುವುದು ಸಲೀಸು. ನಾವು ಹಾಗೇ ಮಾಡಿದೆವು. ಒಂದು ದಿನ ಹೋಯಿತು, ತಲೆಬಿಸಿ ತಪ್ಪಿತು.

180 ದಿನದ ಎಣಿಕೆ ಶುರುವಾಗುವುದು ವರದಿ ಬಂದ ದಿನದಿಂದಲ್ಲ, ರಕ್ತ ತೆಗೆದ ದಿನದಿಂದ. ಅದೂ ಸೊನ್ನೆಯಿಂದ. ಆಗಸ್ಟ್ 20ಕ್ಕೆ ತೆಗೆದರೆ ಫೆಬ್ರುವರಿ 16ಕ್ಕೆ 180. ಆ ದಿನ ಅಥವಾ ಆಮೇಲೆ ಅಲ್ಲಿಗೆ ತಲುಪಬಹುದು. ಪರೀಕ್ಷೆಯ ಫಲಿತಾಂಶ ಎರಡು ವರ್ಷ ನಡೆಯುತ್ತದೆ, ಆದ್ದರಿಂದ ನಾಲ್ಕು ದಿನ ಹೆಚ್ಚುಕಡಿಮೆಯಾದರೆ ಗಾಬರಿ ಬೇಡ. ಹೆಚ್ಚಾದರೆ ಮಾತ್ರ, ಕಡಿಮೆಯಾದರೆ ಅಲ್ಲ.

ಕಾಯುವ ಆರು ತಿಂಗಳು ಸುಮ್ನೆ ಕೂರಬೇಡಿ

ಮಲೆನಾಡಿನ ನಾಯಿಗೆ ಹಗ್ಗ ಗೊತ್ತಿಲ್ಲ. ಬೆಳಿಗ್ಗೆ ಎದ್ದು ತೋಟ ಸುತ್ತಿ, ತನಗೆ ಬೇಕಾದ ಗಿಡದ ಬುಡದಲ್ಲಿ ಕಾಲೆತ್ತಿ ಬರುತ್ತದೆ. ಅದನ್ನು ಏಕಾಏಕಿ ಪಟ್ಟಿ ಕಟ್ಟಿ ಸಿಮೆಂಟ್ ರಸ್ತೆಯಲ್ಲಿ ನಿಲ್ಲಿಸಿದರೆ ಸಂಜೆವರೆಗೂ ಉಚ್ಚೆ ಹಿಡಿದುಕೊಳ್ಳುತ್ತದೆ. ಕಾಳು ಹಾಗೇ ಮಾಡಿತು. ಪಟ್ಟಿ ಹಾಕಿ ನಡೆಸುವುದನ್ನು ಮೊದಲ ತಿಂಗಳಲ್ಲೇ ಶುರು ಮಾಡಿ.

ಇನ್ನೊಂದು ಅಭ್ಯಾಸ ಪೆಟ್ಟಿಗೆಯದು. ವಿಮಾನದ ಪೆಟ್ಟಿಗೆಗೆ ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಎಟಿಎ ಅಳತೆ ಗೊತ್ತುಮಾಡಿದೆ. ದರ್ಜಿ ಟೇಪು ಹಿಡಿದು ನಾಯಿಯನ್ನು ನಿಲ್ಲಿಸಿ ಅಳೆಯಿರಿ. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಎಷ್ಟು, ಅದಕ್ಕೆ ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿ. ಅದು ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನಿಂತಾಗ ತಲೆ ಅಥವಾ ಕಿವಿ ತುದಿ, ಯಾವುದು ಮೇಲಿದೆಯೋ ಅಲ್ಲಿವರೆಗೆ ಎತ್ತರ, ಜೊತೆಗೆ ಹಾಸಿಗೆಯ ದಪ್ಪ. ಕಾಳುವಿನ ಉದ್ದ 62 ಸೆಂಟಿಮೀಟರ್, ಮೊಣಕೈ 28. ಅಂದರೆ 62ಕ್ಕೆ 14 ಸೇರಿ 76. ಭುಜ 20, ಹಾಗಾಗಿ ಅಗಲ 40. ಅಂಗಡಿಯವರು "ಇದೇ ಸಾಕು ಸಾರ್" ಎಂದು ಕೊಡುವ ಪೆಟ್ಟಿಗೆ ಸಾಮಾನ್ಯವಾಗಿ ಒಂದು ಸೈಜು ಚಿಕ್ಕದು. ವಿಮಾನದವರು ಕೌಂಟರಿನಲ್ಲೇ ನಾಯಿಯನ್ನು ವಾಪಸ್ ಕಳಿಸಬಹುದು. ಪ್ಲಾಸ್ಟಿಕ್ ಕ್ಲಿಪ್ಪಿನ ಬದಲು ಕಬ್ಬಿಣದ ಬೋಲ್ಟ್ ನಟ್ಟು ಹಾಕಿಸಿ. ನಾಲ್ಕೂ ಕಡೆ ಗಾಳಿಕಿಂಡಿ ಇರಲಿ. ಬಾಗಿಲು ತೆಗೆಯದೆ ಹೊರಗಿನಿಂದಲೇ ನೀರು ಹಾಕುವಂತಿರಲಿ.

ಪೆಟ್ಟಿಗೆ ತಂದು ಜಗಲಿಯಲ್ಲಿಟ್ಟೆ. ಮೊದಲ ವಾರ ಕಾಳು ಅದರತ್ತ ತಿರುಗಿಯೂ ನೋಡಲಿಲ್ಲ. ನನ್ನ ಹಳೇ ಕಂಬಳಿ ಹಾಸಿ, ಬಂಗಡೆ ತಲೆ ಕಲಸಿದ ಅನ್ನದ ತಟ್ಟೆಯನ್ನು ಒಳಗಿಟ್ಟೆ. ಕತ್ತು ಒಳಗೆ, ಹಿಂಗಾಲು ಹೊರಗೆ ಇಟ್ಟುಕೊಂಡು ತಿಂದಿತು. ನವೆಂಬರಿನ ಚಳಿ ಬಂದ ಮೇಲೆ ತಾನೇ ಹೋಗಿ ಮಲಗಲು ಶುರು ಮಾಡಿತು. ಆಮೇಲೆ ಬಾಗಿಲು ಹಾಕಿ ಐದು ನಿಮಿಷ, ಹತ್ತು ನಿಮಿಷ, ಒಂದು ಗಂಟೆ. ಕೊನೆಗೆ ಜೀಪಿನಲ್ಲಿಟ್ಟು ಆಗುಂಬೆವರೆಗೆ ಒಂದು ಸುತ್ತು. ನಿದ್ದೆ ಬರುವ ಔಷಧಿ ಕೊಟ್ಟು ಕಳಿಸೋಣ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮೇಲೆ ಹೋದಾಗ ಉಸಿರಾಟಕ್ಕೂ ರಕ್ತದೊತ್ತಡಕ್ಕೂ ಅದು ಅಪಾಯ, ವಿಮಾನದವರೂ ಒಪ್ಪುವುದಿಲ್ಲ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳನ್ನು ಎಷ್ಟೋ ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳುವುದೇ ಇಲ್ಲ, ಮೊದಲೇ ಕೇಳಿ.

ಉಣುಗಿನ ವಿಷಯ ಮರೆಯಬೇಡಿ. ಕಾಡಂಚಿನ ನಾಯಿಯ ಕಿವಿ ಸಂದಿಯಲ್ಲಿ, ಬೆರಳ ಸಂದಿಯಲ್ಲಿ ಅದು ಇದ್ದೇ ಇರುತ್ತದೆ. ತಪಾಸಣೆ ಮೇಜಿನ ಮೇಲೆ ಅದು ಹರಿದಾಡಿದರೆ ಯಾವ ದೇಶದವರಿಗೂ ಹಿತವಲ್ಲ. ಡಾಕ್ಟರನ್ನು ಕೇಳಿ ತಿಂಗಳು ತಿಂಗಳು ಔಷಧಿ ಕೊಡಿ. ಇಲಿ ಜ್ವರ ನಮ್ಮ ಗದ್ದೆ ಬದಿಯ ಊರುಗಳಿಗೆ ಹೊಸದೇನಲ್ಲ. ಜಪಾನಿನವರು ನಾಯಿಗಳಲ್ಲಿ ರೇಬೀಸ್ ಜೊತೆಗೆ ಇದರ ಮೇಲೂ ಕಣ್ಣಿಡುತ್ತಾರೆ. ಅದರ ಲಸಿಕೆಯನ್ನೂ ಹಾಕಿಸಿಬಿಡಿ.

ನಾಯಿಗೆ ಹನ್ನೆರಡು ಹದಿಮೂರು ವರ್ಷ ದಾಟಿದ್ದರೆ, ಎದೆ ಅಥವಾ ಕಿಡ್ನಿ ತೊಂದರೆ ಇದ್ದರೆ, ಈ ಆರು ತಿಂಗಳಲ್ಲೇ ಇನ್ನೊಮ್ಮೆ ಯೋಚಿಸಿ. ಅಜ್ಜಿ ಮನೆಯ ಅಂಗಳದಲ್ಲೇ ಅದು ಸುಖವಾಗಿರಬಹುದು. ನಮ್ಮ ಆಸೆಗೆ ಅದನ್ನು ಹೊತ್ತೊಯ್ಯಬೇಕಾಗಿಲ್ಲ.

ಕಾಗದದ ಕೆಲಸ

ತಲುಪುವ ದಿನಕ್ಕೆ ಕನಿಷ್ಠ 40 ದಿನ ಮೊದಲು ಆ ವಿಮಾನ ನಿಲ್ದಾಣದ ಪ್ರಾಣಿ ಕ್ವಾರಂಟೈನ್ ಕಚೇರಿಗೆ ಸೂಚನೆ ಕಳಿಸಬೇಕು. ಫೆಬ್ರುವರಿ 16ಕ್ಕೇ ಹೋಗುವುದಾದರೆ ಜನವರಿ 7ರೊಳಗೆ. ಅವರು ನೋಡಿ ಒಪ್ಪಿಗೆ ಪತ್ರ ಕೊಡುತ್ತಾರೆ. ಟಿಕೆಟ್ ಪಕ್ಕಾ ಮಾಡುವುದು ಅದು ಕೈಗೆ ಬಂದ ಮೇಲೆ. ನಾಯಿಗೆ ಆ ವಿಮಾನದಲ್ಲಿ ಜಾಗ ಇದೆಯೇ, ಸಾಮಾನಿನ ಜೊತೆಯೋ ಕಾರ್ಗೋದಲ್ಲೋ ಎಂದು ಟಿಕೆಟ್‌ಗೆ ಮೊದಲೇ ಫೋನ್ ಮಾಡಿ ಕೇಳಿ. ನಡುವೆ ವಿಮಾನ ಬದಲಿಸುವುದಿದ್ದರೆ ಆ ದೇಶದ ನಿಯಮವನ್ನೂ ನೋಡಿಕೊಳ್ಳಿ.

ಹೊರಡುವ ಮುನ್ನ 10 ದಿನದೊಳಗೆ ಆರೋಗ್ಯ ತಪಾಸಣೆ ಆಗಬೇಕು. ವೈದ್ಯರು ಜಪಾನಿನ ನಮೂನೆಯ ಪ್ರಮಾಣಪತ್ರ ತುಂಬಿದ ಮೇಲೆ ಅದಕ್ಕೆ ಸರ್ಕಾರದ ಮೊಹರು ಬೀಳಬೇಕು. ನಮಗೆ ಇದು ಸಿಗುವುದು ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯ ಕಚೇರಿಯಲ್ಲಿ. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಹೈದರಾಬಾದಿನಲ್ಲೂ ಇದೆ. ಮೊದಲೇ ಸಮಯ ಗೊತ್ತು ಮಾಡಿಕೊಂಡು, ನಾಯಿ ಸಮೇತ ಹೋಗಿ.

ಸಹಿ ಹಾಕಿಸುವ ಮೊದಲು ತುಂಬಿದ ನಮೂನೆಯನ್ನು ಜಪಾನಿನ ಕಚೇರಿಗೆ ಇಮೇಲ್ ಮಾಡಿ ತೋರಿಸಿಬಿಡಿ. ನಾವು ಹೀಗೆ ಮಾಡಿದ್ದಕ್ಕೆ ಬಚಾವ್. ಚಿಪ್ಪಿನ 15 ಅಂಕಿಗಳಲ್ಲಿ ಒಂದು 8 ನಮ್ಮ ಕಾಗದದಲ್ಲಿ 3 ಆಗಿತ್ತು. ಬರೆದವರು ಆತುರದಲ್ಲಿದ್ದರು, ನಾನೂ ಕನ್ನಡಕ ಮರೆತು ಹೋಗಿದ್ದೆ. ಟೋಕಿಯೊದಲ್ಲಿ ಕೂತವರು ಎರಡೇ ದಿನದಲ್ಲಿ ಹಿಡಿದರು. ಹೊಸ ಹಾಳೆಯಲ್ಲಿ ಮತ್ತೆ ಬರೆಸಿದೆವು. ತಿದ್ದಿದ, ಬಿಳಿ ಬಳಿದ ಕಾಗದ ಒಯ್ಯಬೇಡಿ.

ಹೊರಡುವ ದಿನ

ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರ್. ಹಿಂದಿನ ದಿನವೇ ಹೋಗಿ ತಂಗಿ. ಕಡೂರು ದಾಟಿದ ಮೇಲೆ ಒಮ್ಮೆ, ತಿಪಟೂರು ಬಳಿ ಒಮ್ಮೆ ನಿಲ್ಲಿಸಿ ಓಡಾಡಿಸಿ. ಊಟ ವಿಮಾನಕ್ಕೆ ಕೆಲವು ಗಂಟೆ ಮೊದಲು, ಹಗುರವಾಗಿ. ನೀರು ಮಾತ್ರ ಕೊನೆವರೆಗೂ ಕೊಡಿ. ಪೆಟ್ಟಿಗೆಗೆ ಹೊಸ ಹಾಸಿಗೆ ಬೇಡ, ಮನೆಯ ವಾಸನೆಯ ಹಳೇ ಬಟ್ಟೆಯೇ ಒಳ್ಳೆಯದು. ಮೂಲ ಕಾಗದಗಳು ಕೈಚೀಲದಲ್ಲಿ, ನಕಲು ಪ್ರತಿ ಪೆಟ್ಟಿಗೆಯ ಮೇಲೆ.

ಅಲ್ಲಿ ಇಳಿದ ಮೇಲೆ ನಾಯಿ ಪೆಟ್ಟಿಗೆಯೊಡನೆ ಕ್ವಾರಂಟೈನ್ ಕೌಂಟರ್. ಚಿಪ್ಪು ಓದುತ್ತಾರೆ, ಕಾಗದ ನೋಡುತ್ತಾರೆ, ನಾಯಿಯನ್ನು ನೋಡುತ್ತಾರೆ, ಆಮದು ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಜೋಪಾನವಾಗಿಡಿ. 30 ದಿನದೊಳಗೆ ಅಲ್ಲಿಯ ನಗರ ಕಚೇರಿಯಲ್ಲಿ ನಾಯಿಯನ್ನು ನೋಂದಾಯಿಸುವಾಗ ಅದು ಬೇಕು. ಅಲ್ಲಿ ಪ್ರತಿ ನಾಯಿಗೂ ನೋಂದಣಿ ಬಿಲ್ಲೆ ಇದೆ, ವರ್ಷಕ್ಕೊಮ್ಮೆ ರೇಬೀಸ್ ಲಸಿಕೆಯೂ ಕಡ್ಡಾಯ. ಬಾಡಿಗೆ ಮನೆಗಳಲ್ಲಿ ಎಷ್ಟೋ ಕಡೆ ನಾಯಿ ಸಾಕಲು ಬಿಡುವುದಿಲ್ಲ, ಕರಾರಿನಲ್ಲಿ ಅದನ್ನು ಮೊದಲೇ ಬರೆಸಿಕೊಳ್ಳಿ.

ಕಾಳುವಿನ ತಪಾಸಣೆಗೆ ಹಿಡಿದದ್ದು ಒಂದು ಗಂಟೆಗೂ ಕಡಿಮೆ. ಅದೇ ಸಂಜೆ ಅಕ್ಕನ ಮಗಳು ವಿಡಿಯೊ ಕರೆ ಮಾಡಿದಳು. ಪೆಟ್ಟಿಗೆಯ ಬಾಗಿಲು ತೆರೆದೇ ಇತ್ತು. ಕಾಳು ಅದರೊಳಗೆ ನನ್ನ ಕಂಬಳಿ ಮೇಲೆ ಸುತ್ತಿಕೊಂಡು ಮಲಗಿತ್ತು. "ಮಾವ, ಹೊರಗೇ ಬರ್ತಿಲ್ಲ ಇದು" ಎಂದಳು. ಮೀನಿನ ತಲೆ ತಟ್ಟೆಗೆ ಹಾಕಿ ಮೂರು ಅಡಿ ದೂರ ಇಡು ಎಂದೆ.